ಉಗ್ರಪ್ಪ ತರುತ್ತಿದ್ದ ಹಾರ

ನಮ್ಮ ಯಜಮಾನರ ಹೆಸರು ಅಂಜಿನಯ್ಯ. ಅವರು ಬದುಕಿದ್ದಾಗ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ. ಶಿವರಾತ್ರಿ ಕಳೆದ ವಾರದಲ್ಲಿ ತೀರಿಕೊಂಡರು. ಎದೆ ಹಿಡಿದುಕೊಂಡಿದೆ ಅಂದರು, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಬೇಕು.

ಅವರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಮೂಡಲಪಾಳ್ಯದ ನಮ್ಮ ಮನೆ ಪಕ್ಕದಲ್ಲೇ ಶೀಟಿನ ಶೆಡ್ಡು ಹಾಕಿಕೊಂಡರು. ಮರಗೆಲಸದ ಹಳೇ ಮಿಷಿನ್‌ಗಳನ್ನು ಹುಡುಕಿ ತರುತ್ತಿದ್ದರು. ಬಾಗಿಲು ಹಾಕಿದ ಸಾಮಿಲ್ಲು, ಗುಜರಿ ಅಂಗಡಿ, ಎಲ್ಲಿ ಸಿಕ್ಕರೆ ಅಲ್ಲಿಂದ. ಮರ ನುಣುಪು ಮಾಡುವ ರಂದಾ ಮಿಷಿನ್ ಇತ್ತು. ಕಾಲಲ್ಲಿ ತುಳಿದು ತಿರುಗಿಸುವ ಲೇತ್ ಇತ್ತು, ಅದರಲ್ಲಿ ಮಂಚದ ಕಾಲು ಕಡೆಯುತ್ತಿದ್ದರಂತೆ. ಎಲ್ಲ ತುಕ್ಕು ಹಿಡಿದೇ ಬರುತ್ತಿದ್ದವು. ನನ್ನ ಬಟ್ಟೆ ನೆನೆಸುವ ಬಕೆಟ್ಟಿನಲ್ಲಿ ಡೀಸೆಲ್ ಸುರಿದು ಬೋಲ್ಟು ನೆನೆಹಾಕುತ್ತಿದ್ದರು. ತಿಂಗಳುಗಟ್ಟಲೆ ಉಜ್ಜುತ್ತಿದ್ದರು. ಹಿತ್ತಾಳೆ ಸಾಮಾನು ಇದ್ದರೆ ನನಗೆ ಕೊಡುತ್ತಿದ್ದರು. ನಾನು ಹುಣಸೆಹಣ್ಣು ಹಾಕಿ ಚೊಂಬು ತಿಕ್ಕಿದ ಹಾಗೆ ತಿಕ್ಕಿ ಕೊಡುತ್ತಿದ್ದೆ.

ಎದುರು ಮನೆ ಕಲಾ ಆಡಿಕೊಳ್ಳುತ್ತಿದ್ದಳು. "ತಾಯಮ್ಮಕ್ಕ, ನಿಮ್ಮ ಯಜಮಾನ್ರು ತಾಳಿ ಕಟ್ಟಿದ್ದು ನಿಮಗಾ, ಆ ಕಬ್ಬಿಣಕ್ಕಾ?"

"ಕಬ್ಬಿಣಕ್ಕೇ ಕಣೇ. ನಾನು ಅಡುಗೆಗೆ ಬಂದೋಳು," ಅನ್ನುತ್ತಿದ್ದೆ.

ಆ ಶೆಡ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡದು ಬ್ಯಾಂಡ್‌ಸಾ. ಆಳೆತ್ತರಕ್ಕಿಂತ ಮೇಲೆ. ಎರಕದ ಕಬ್ಬಿಣ. ಕೆಳಗೊಂದು ಚಕ್ರ, ಮೇಲೊಂದು ಚಕ್ರ, ಎರಡಕ್ಕೂ ಸೇರಿ ಉದ್ದನೆಯ ಗರಗಸದ ಪಟ್ಟಿ ಬೆಲ್ಟಿನ ಹಾಗೆ ಸುತ್ತುತ್ತದೆ. ಬಂದಾಗ ಚಕ್ರ ಅಲುಗಾಡುತ್ತಿತ್ತು, ಬಣ್ಣ ಎದ್ದು ಹೋಗಿತ್ತು. ಅವರು ಅದನ್ನು ಪೂರ್ತಿ ಬಿಚ್ಚಿ, ಒಂದೊಂದೇ ತುಂಡು ಉಜ್ಜಿ, ಹಸಿರು ಬಣ್ಣ ಬಳಿದು ನಿಲ್ಲಿಸಿದರು. ಎಲ್ಲಿಂದೆಲ್ಲಿಂದಲೋ ಜನ ನೋಡಲು ಬರುತ್ತಿದ್ದರು. ಫೋಟೋ ಹಿಡಿದುಕೊಳ್ಳುತ್ತಿದ್ದರು. ಎಲ್ಲಿಂದ ತಂದ್ರಿ ಅಂತ ಯಾರಾದರೂ ಕೇಳಿದರೆ, ಮೈಸೂರು ರೋಡ್ ಕಡೆಯಿಂದ ಅನ್ನುತ್ತಿದ್ದರು. ಅಷ್ಟೇ.

ಆಯುಧಪೂಜೆಯ ದಿನ ಶೆಡ್ಡು ಮದುವೆಮನೆ ಆಗುತ್ತಿತ್ತು. ಎಲ್ಲ ಮಿಷಿನ್‌ಗೂ ವಿಭೂತಿ ಪಟ್ಟೆ, ಅರಿಶಿನ ಕುಂಕುಮ, ಹಾರ. ಬಾಗಿಲಲ್ಲಿ ಬಾಳೆಕಂದು. ಆ ಹೊತ್ತಿಗೆ ಸರಿಯಾಗಿ ಬಾಪೂಜಿ ನಗರದಿಂದ ಉಗ್ರಪ್ಪ ಅನ್ನುವವರು ಬರುತ್ತಿದ್ದರು. ಕೈಯಲ್ಲಿ ಸೇವಂತಿಗೆ ಹಾರ, ಚೀಲದಲ್ಲಿ ಬೂದುಗುಂಬಳಕಾಯಿ, ನಿಂಬೆಹಣ್ಣು. ಬಂದವರೇ ಬ್ಯಾಂಡ್‌ಸಾಗೆ ಕುಂಕುಮ ಇಟ್ಟು, ಹಾರ ಹಾಕಿ, ಕೈಮುಗಿದು, ಕುಂಬಳಕಾಯಿ ಒಡೆಯುತ್ತಿದ್ದರು. ನಮ್ಮವರು ಆಗ ಶೆಡ್ಡಿನ ಹಿಂದಕ್ಕೆ ಹೋಗಿ ನಲ್ಲಿಯಲ್ಲಿ ಕೈ ತೊಳೆಯುತ್ತಾ ನಿಂತುಬಿಡುತ್ತಿದ್ದರು. ನಾನು ತಟ್ಟೆ ತುಂಬ ಕಡ್ಲೆಪುರಿ, ಬೆಂಡು ಬತ್ತಾಸು ತಂದು, "ತಗೊಳ್ಳಿ ಅಣ್ಣ, ನಮ್ಮನೆ ಪ್ರಸಾದ," ಅನ್ನುತ್ತಿದ್ದೆ. ಅವರು ಟವೆಲ್ಲಿಗೆ ಸುರಿದುಕೊಂಡು ಹೋಗುತ್ತಿದ್ದರು. ಯಾರೋ ಮಿಷಿನ್ ಮೇಲೆ ಭಕ್ತಿ ಇರುವವರು, ನಮ್ಮವರ ಸ್ನೇಹಿತರು ಅಂತ ನಾನು ತಿಳಿದಿದ್ದೆ.

ನಮ್ಮವರು ತೀರಿಕೊಂಡ ಮೇಲೆ ಶೆಡ್ಡಿಗೆ ಬೀಗ ಹಾಕಿದ್ದೆ. ಮಗಳು ವಚನಾ ಕೆಂಗೇರಿಗೆ ಕೊಟ್ಟವಳು. ಅವಳ ಗಂಡನ ಪರಿಚಯದ ಸುಘೋಷ್ ಅನ್ನುವ ಹುಡುಗ ಬಸವೇಶ್ವರನಗರದಲ್ಲಿ ಕಾಫಿ ಅಂಗಡಿ ತೆಗೆಯುತ್ತಿದ್ದ. ಬಂದು ನೋಡಿ, ಬ್ಯಾಂಡ್‌ಸಾ ಕೊಟ್ಟರೆ ಅಂಗಡಿ ಮುಂದೆ ನಿಲ್ಲಿಸುತ್ತೇನೆ ಅಂದ.

"ಅಂಕಲ್ ಹೆಸರಲ್ಲಿ ಹಿತ್ತಾಳೆ ಬೋರ್ಡ್ ಮಾಡಿಸ್ತೀನಿ ಆಂಟಿ. ಬಂದೋರೆಲ್ಲ ಓದ್ತಾರೆ."

ಆ ಮಾತಿಗೆ ನಾನು ಸೋತೆ. ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ದುಡಿದರೂ ಅವರ ಹೆಸರು ಎಲ್ಲೂ ಬರೆದಿರಲಿಲ್ಲ. ಇಲ್ಲಾದರೂ ಇರಲಿ ಅನಿಸಿತು. ಕೊಡ್ತೀನಿ ಅಂದೆ. ವಿಜಯದಶಮಿಯ ಬೆಳಿಗ್ಗೆ ಗಾಡಿ ತರುತ್ತೇನೆ ಅಂದ.

ಅದಕ್ಕೆ ಹಿಂದಿನ ದಿನ ಆಯುಧಪೂಜೆ. ವರ್ಷ ತುಂಬಿರಲಿಲ್ಲ, ನಮಗೆ ಹಬ್ಬ ಇರಲಿಲ್ಲ. ಬಾಗಿಲಿಗೆ ತೋರಣ ಕೂಡ ಕಟ್ಟಿರಲಿಲ್ಲ. ವಚನಾ ನನಗೆ ಜೊತೆಗೆ ಅಂತ ಬಂದಿದ್ದಳು. ಬೆಳಿಗ್ಗೆ ಗೇಟು ಸದ್ದಾಯಿತು. ಉಗ್ರಪ್ಪ. ಕೈಯಲ್ಲಿ ಹಾರ.

"ಅಣ್ಣ, ಈ ವರ್ಷ ನಮಗೆ ಹಬ್ಬ ಇಲ್ಲ," ಅಂದೆ.

"ಗೊತ್ತು ತಾಯಮ್ಮಕ್ಕ. ನಿಮ್ಮವು ಹಂಗೇ ಇರ್ಲಿ. ನಂದಕ್ಕೆ ಒಂದು ಹಾರ ಹಾಕಿ ಹೋಗ್ತೀನಿ. ಬೀಗ ತೆಗೀರಿ."

"ನಿಮ್ದು ಯಾವ್ದಣ್ಣ?"

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನನ್ನ ಮುಖ ನೋಡಿದರು. "ಬ್ಯಾಂಡ್‌ಸಾ. ಇನ್ಯಾವ್ದಿದೆ?"

"ಅದು ನಮ್ಮೆಜಮಾನ್ರು ತಂದಿದ್ದಲ್ವಾ?"

"ಅವರೇ ತಂದಿದ್ದು. ನಮ್ಮಂಗಡಿಯಿಂದ. ರಿಪೇರಿಗೆ." ಆಮೇಲೆ ದನಿ ತಗ್ಗಿಸಿದರು. "ನಿಮಗೆ ಹೇಳಿರ್ಲಿಲ್ವಾ ಅಕ್ಕ?"

ನಾನು ಜಗಲಿ ಮೇಲೆ ಕೂತೆ. ಅವರು ನಿಂತೇ ಹೇಳಿದರು. ಬಾಪೂಜಿ ನಗರದಲ್ಲಿ ಅವರದು ಸಣ್ಣ ಅಂಗಡಿ, ಬಡಗಿಗಳಿಗೆ ಮರ ಕುಯ್ದು ಕೊಡುವುದು. ಇದ್ದದ್ದು ಇದೊಂದೇ ಮಿಷಿನ್. ಚಕ್ರ ಅಲುಗಾಡಲು ಶುರುವಾದಾಗ ನಮ್ಮವರನ್ನು ಕರೆದು ತೋರಿಸಿದ್ದರು.

"ನಿಮ್ಮೆಜಮಾನ್ರು, ಬೇರಿಂಗ್ ಸಿಕ್ತಿಲ್ಲ ಉಗ್ರಪ್ಪ, ಸಿಟಿ ಮಾರ್ಕೆಟ್ಟೆಲ್ಲ ತಿರುಗಿದೆ ಅಂತಿದ್ರು. ಹಬ್ಬ ಕಳೀಲಿ ಅನ್ನೋರು. ಯುಗಾದಿ ಕಳೀಲಿ ಅನ್ನೋರು. ಒಂದಿನ ಈ ಕಡೆ ಬಂದಿದ್ದೆ. ರೋಡಿಗೇ ಸದ್ದು ಕೇಳ್ತು. ನನ್ನ ಮಿಷಿನ್ ಸದ್ದು ನಂಗೊತ್ತಾಗಲ್ವಾ? ಒಳಗೆ ಬಂದೆ. ನನ್ನ ನೋಡಿ ಸ್ವಿಚ್ ಆಫ್ ಮಾಡಿದ್ರು. ಇನ್ನೂ ಅಲುಗಾಡ್ತಿದೆ ಅಂದ್ರು. ಆ ಮಿಷಿನ್ ಟೇಬಲ್ ಮೇಲೇ ಅವರ ಕಾಫಿ ಲೋಟ ಇತ್ತು ಅಕ್ಕ. ಅದು ಅಲುಗಿರ್ಲಿಲ್ಲ."

"ಆವಾಗ್ಲೇ ಕೇಳ್ಬೇಕಿತ್ತು ನೀವು."

"ಏನಂತ ಕೇಳ್ಲಿ? ಕಳ್ಳ ಅನ್ನೋಕಾಗುತ್ತಾ ಅಂಥೋರನ್ನ? ಅವರು ತಲೆ ತಗ್ಗಿಸಿದ್ರು. ನಂಗೇ ನಾಚಿಕೆ ಆಗೋಯ್ತು. ವರ್ಷಕ್ಕೊಂದ್ಸಲ ಹಾರ ತಂದ್ರೆ ಅವರಿಗೂ ಜ್ಞಾಪಕ ಇರುತ್ತೆ ಅನ್ಕೊಂಡೆ. ಬೇರೆಯೋರ ಆಯುಧಕ್ಕೆ ಯಾರು ಪೂಜೆ ಮಾಡ್ತಾರೆ?"

ಅಂಗಡಿ ಏನಾಯಿತು ಅಂತ ಕೇಳಿದೆ. ಮುಚ್ಚಿದೆ ಅಂದರು. ಈಗ ಶ್ರೀಗಂಧದ ಕಾವಲ್‌ನಲ್ಲಿ ಬೇರೆಯವರ ಸಾಮಿಲ್ಲಿನಲ್ಲಿ ಕೂಲಿ.

ಸುಳ್ಳು ಅಂತ ಹೇಳಿಬಿಡಬಹುದಿತ್ತು. ಕಾಗದ ಇಲ್ಲ, ಪತ್ರ ಇಲ್ಲ. ಒಳಗಿಂದ ವಚನಾ ಬಂದು ಅದನ್ನೇ ಹೇಳಿದಳು. "ಅಪ್ಪ ಇಲ್ದೇ ಇರೋವಾಗ ಬಂದು ಹೇಳ್ತಿದೀರಲ್ಲ ಅಂಕಲ್, ಇಷ್ಟು ದಿನ ಎಲ್ಲಿದ್ರಿ?"

"ವರ್ಷಾ ವರ್ಷಾ ಬಂದಿದೀನಲ್ಲಮ್ಮ," ಅಂದರು ಉಗ್ರಪ್ಪ.

ಆಗ ನನಗೆ ಒಂದು ನೆನಪಾಯಿತು. ಹಬ್ಬದ ದಿನ ಬೆಳಗ್ಗೆ ಕುಂಕುಮದ ಬಟ್ಟಲು ಹಿಡಿದು ನಾನು ನಮ್ಮವರ ಹಿಂದೆ ಹಿಂದೆ ಹೋಗುತ್ತಿದ್ದೆ. ರಂದಾ ಮಿಷಿನ್‌ಗೆ ಇಡುತ್ತಿದ್ದರು. ಲೇತಿಗೆ ಇಡುತ್ತಿದ್ದರು. ಸುತ್ತಿಗೆ, ಸ್ಪ್ಯಾನರ್, ನನ್ನ ಈಳಿಗೆಮಣೆಗೂ ಇಡುತ್ತಿದ್ದರು. ಬ್ಯಾಂಡ್‌ಸಾ ಮುಂದೆ ಬಂದಾಗ ಬಟ್ಟಲಿಗೆ ಕೈ ಹಾಕದೆ, "ಅದು ಉಗ್ರಪ್ಪ ಬಂದು ಮಾಡ್ತಾರೆ," ಅಂತ ಮುಂದೆ ಹೋಗುತ್ತಿದ್ದರು. ಒಂದು ವರ್ಷವೂ ಅದಕ್ಕೆ ಅವರು ಕುಂಕುಮ ಇಟ್ಟಿಲ್ಲ. ಸ್ನೇಹಿತರಿಗೆ ಬಿಟ್ಟುಕೊಡುವ ದೊಡ್ಡತನ ಅಂತ ನಾನು ಹೆಮ್ಮೆ ಪಟ್ಟಿದ್ದೆ. ದೇವರ ಮುಂದೆ ನಂದು ಅನ್ನಲು ಅವರಿಗೆ ಬಾಯಿ ಬಂದಿರಲಿಲ್ಲ. ಜನರ ಮುಂದೆ ಬಂದಿತ್ತು.

ಆಮೇಲೆ ತಟ್ಟೆ ನೆನಪಾಯಿತು. ಉಗ್ರಪ್ಪನವರದೇ ಮಿಷಿನ್ ಮುಂದೆ ಅವರನ್ನು ನೆಂಟನ ಹಾಗೆ ನಿಲ್ಲಿಸಿ, ನಮ್ಮನೆ ಪ್ರಸಾದ ಅಂತ ಪುರಿ ಕೊಟ್ಟವಳು ನಾನು. ಅಂಗಡಿ ಮುಚ್ಚಿದ ವರ್ಷವೂ ಕೊಟ್ಟಿರುತ್ತೇನೆ. ಎದ್ದು ಒಳಗೆ ಹೋಗಿ ಶೆಡ್ಡಿನ ಬೀಗದ ಕೈ ತಂದೆ.

"ಅಣ್ಣ, ನಮ್ಮ ಮನೆಯೊಳಗೆ ಈ ವರ್ಷ ಪೂಜೆ ಆಗಬಾರ್ದು," ಅಂದೆ. "ನಿಮ್ಮ ಮಿಷಿನ್ ಆಚೆಗೆ ತಗೊಳ್ಳಿ. ಆಚೆ ಮಾಡಿ. ನಾಳೆ ತಗೊಂಡ್ಹೋಗಿ."

"ಅಮ್ಮ," ಅಂದಳು ವಚನಾ.

ಉಗ್ರಪ್ಪ ಶೆಡ್ಡಿನ ಬಾಗಿಲ ಅಗಲ ಕಣ್ಣಲ್ಲೇ ಅಳೆದರು. ಆಮೇಲೆ, "ಪೂಜೆ ಆದ್ಮೇಲೆ ಆಯುಧ ಅಲುಗಿಸಂಗಿಲ್ಲ. ಮುಂಚೇನೇ ಆಚೆ ತರ್ಬೇಕು," ಅಂದು, ಹಾರವನ್ನು ನಮ್ಮ ಗೇಟಿಗೆ ಸಿಕ್ಕಿಸಿ ಹೋದರು.

ಮಧ್ಯಾಹ್ನ ಮಿಲ್ಲಿನವರನ್ನು ಕರೆದುಕೊಂಡು ಬಂದರು. ಕಬ್ಬಿಣದ ಪೈಪುಗಳನ್ನು ಅಡ್ಡ ಹಾಕಿ, ಹಗ್ಗ ಕಟ್ಟಿ, ಹಾರೆಯಿಂದ ಮೀಟಿ ಮೀಟಿ, ಒಂದೊಂದು ಗೇಣು ಉರುಳಿಸಿದರು. ಹೊಸಲು ದಾಟುವಾಗ ಸಿಮೆಂಟು ಕಿತ್ತುಬಂತು. ಬೀದಿಯ ಜನ ಗಾಡಿ ಬೈಕು ತೊಳೆಯುವುದನ್ನು ಬಿಟ್ಟು ನೋಡುತ್ತಿದ್ದರು.

ಬಿಸಿಲಿಗೆ ಬಂದಾಗ ಹಸಿರು ಬಣ್ಣ ಹೊಳೆಯಿತು. ಉಗ್ರಪ್ಪ ಚಕ್ರದ ಮೇಲೆ ಕೈಯಿಟ್ಟು ಮೆಲ್ಲಗೆ ತಿರುಗಿಸಿದರು. ಸದ್ದಿಲ್ಲದೆ ತಿರುಗಿತು.

"ಕೆಲಸ ಮಾತ್ರ ಒಂದು ಕೊಂಕಿಲ್ಲ ಅಕ್ಕ," ಅಂದರು. ನನ್ನ ಸಮಾಧಾನಕ್ಕೆ ಹೇಳಿದ್ದು. ಸಮಾಧಾನ ಆಗಲಿಲ್ಲ. ಕೆಲಸ ಕೆಟ್ಟದಾಗಿದ್ದರೆ ನಮ್ಮವರು ಅಂದೇ ವಾಪಸ್ ಕೊಡುತ್ತಿದ್ದರೋ ಏನೋ.

ಹಾರ ಹಾಕಿದರು. ಕುಂಬಳಕಾಯಿ ಒಡೆದರು. ಅವರೇ ಚೀಲದಿಂದ ಕಡ್ಲೆಪುರಿ ತೆಗೆದು ಎಲ್ಲರಿಗೂ ಕೊಟ್ಟುಕೊಂಡು ಬಂದರು. ನನ್ನ ಮುಂದೆಯೂ ನಿಂತರು.

"ನಮಗೆ ಹಬ್ಬ ಇಲ್ಲ ಅಣ್ಣ."

"ಪುರಿ ತಿನ್ನೋಕೆ ಏನಕ್ಕ. ಹಿಡೀರಿ."

ಸೆರಗು ಒಡ್ಡಿದೆ. ಸುರಿದರು.

ಕಲಾ ಬಂದು ಪಕ್ಕದಲ್ಲಿ ನಿಂತಳು. "ಯಾಕ್ ತಾಯಮ್ಮಕ್ಕ, ಮಾರಿಬಿಟ್ರಾ?"

ವಚನಾ ನನ್ನ ಕೈ ಒತ್ತಿದಳು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಇದು ಉಗ್ರಪ್ಪಣ್ಣಂದು. ರಿಪೇರಿಗೆ ಕೊಟ್ಟಿದ್ರು. ನಮ್ಮೆಜಮಾನ್ರು ವಾಪಸ್ ಕೊಟ್ಟಿರ್ಲಿಲ್ಲ," ಅಂದೆ.

ವಚನಾ ಕೈ ಬಿಟ್ಟು ಒಳಗೆ ಹೋದಳು. ಸಂಜೆ ಒಂದೇ ಮಾತು ಕೇಳಿದಳು. "ಸತ್ತೋರನ್ನ ಬೀದಿಗೆ ಎಳೀಬೇಕಿತ್ತಾ?"

ಅವರು ನನ್ನ ಮೇಲೆ ಕೈ ಮಾಡಿದವರಲ್ಲ, ಕುಡಿದವರಲ್ಲ. ನಾನು ಅವರನ್ನು ನೆನೆದು ಅಳದ ದಿನ ಇಲ್ಲ. ಅಳುವಾಗ ಉಗ್ರಪ್ಪ ಪುರಿ ಸುರಿದುಕೊಳ್ಳುತ್ತಿದ್ದ ಟವೆಲ್ಲು ಕಣ್ಣ ಮುಂದೆ ಬರುತ್ತದೆ.

ಸುಘೋಷನಿಗೆ ಫೋನು ಮಾಡಿಸಿ ಬರಬೇಡ ಅಂತ ಹೇಳಿಸಿದ್ದೆ. ಆದರೂ ಬೆಳಿಗ್ಗೆ ಬಂದ. ಅಷ್ಟು ಹೊತ್ತಿಗೆ ಉಗ್ರಪ್ಪನ ಗಾಡಿ ಮಿಷಿನ್ ಹೊತ್ತುಕೊಂಡು ಹೋಗಿತ್ತು. ಬೀದಿಯಲ್ಲಿ ಕುಂಬಳಕಾಯಿ ಚೂರು ಮಾತ್ರ ಇತ್ತು. ರಂದಾ ಮಿಷಿನ್ ತಗೋ ಅಂದೆ. ಅದು ಸಣ್ಣದು ಆಂಟಿ, ಕಾಣಿಸಲ್ಲ ಅಂದ. ಬೋರ್ಡು ಮಾಡಿಸಿ ಆಗಿದೆ, ನೀವೇ ಇಟ್ಕೊಳಿ ಅಂತ ಕೊಟ್ಟು ಹೋದ.

ಒಳ್ಳೇ ಹಿತ್ತಾಳೆ. ಮೇಲೆ ‘ಅಂಜಿನಯ್ಯನವರ ಬ್ಯಾಂಡ್‌ಸಾ’ ಅಂತ ಕೆತ್ತಿದೆ. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಶೆಡ್ಡಿನಲ್ಲಿ ಮಿಷಿನ್ ನಿಂತಿದ್ದ ಜಾಗದಲ್ಲಿ, ಗೋಡೆ ಕಡೆಗೆ ಮುಖ ಮಾಡಿ ಇಟ್ಟಿದ್ದೇನೆ. ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕುವ ಕೈ ನನ್ನದು. ಅದನ್ನು ಮಾತ್ರ ಇನ್ನೂ ತಿಕ್ಕಿಲ್ಲ.