ಪುಂಡಿಪಲ್ಯದ ಮಡಿಗೆ ಹರಿದ ಹಳದಿ ನೀರು

ನಮ್ಮ ಕಾಲೇಜಿಗೆ ತಪಾಸಣೆಯವರು ಬಂದುಹೋದ ಆ ವಾರ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಆಗ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಎಂ.ಎಸ್ಸಿ. ಹುಡುಗರ ಪ್ರಯೋಗಕ್ಕೆ ಯುರೇನಿಯಂ ಉಪ್ಪು ಬೇಕಾಗುತ್ತಿತ್ತು. ಮಿಕ್ಕ ಹಳದಿ ನೀರನ್ನು ಒಂದು ಹನಿಯೂ ಹೊರಗೆ ಬಿಡುತ್ತಿರಲಿಲ್ಲ. ಕ್ಯಾನಿನಲ್ಲಿ ಕೂಡಿಟ್ಟು, ಕಾಸ್ಟಿಕ್ ಸೋಡಾ ಹಾಕಿ, ಲೋಹವೆಲ್ಲ ತಳಕ್ಕೆ ಕೂತ ಮೇಲೆ ಸೋಸುತ್ತಿದ್ದೆ. ಒಣಗಿದ ಹಳದಿ ಪುಡಿ ಬಾಟಲಿ ಸೇರಿ ಮುಂದಿನ ವರ್ಷದ ಪ್ರಯೋಗಕ್ಕೆ ಮತ್ತೆ ಬರುತ್ತಿತ್ತು.

ಕಸ ಗುಡಿಸುವ ಅಕ್ಕ ಲ್ಯಾಬಿನ ಹಿಂದೆಯೇ ಒಂದು ಕೋಣೆಯಲ್ಲಿದ್ದಳು. ಹೊರಗಿನ ಬೇಸಿನ್ನಿನ ನೀರಿಗೆ ಕಾಲುವೆ ತೋಡಿ ಪುಂಡಿಪಲ್ಯದ ಸೊಪ್ಪು ಬೆಳೆಸಿದ್ದಳು. "ಈ ನೀರು ಬಿಡಬಹುದೇನ್ರೀ ಮೇಡಮ್ರಿ?" ಎಂದು ನನ್ನನ್ನು ಕೇಳಿಯೇ ಬಿಟ್ಟಿದ್ದಳು. "ಬಿಡು ಯಕ್ಕಾ, ಬರೇ ಕೈ ತೊಳದ ನೀರು" ಎಂದಿದ್ದೆ.

ತಪಾಸಣೆ ಹತ್ತಿರ ಬಂತು. ವಿಭಾಗದ ಮುಖ್ಯಸ್ಥರು ಕ್ಯಾನಿನತ್ತ ಬೆರಳು ಮಾಡಿ, "ಇದು ಅವರ ಕಣ್ಣಿಗೆ ಬೀಳಬಾರದು. ನಾಲ್ಕು ಬಕೀಟು ನೀರು ಕೂಡಿಸಿ ಚೆಲ್ಲಿಬಿಡ್ರಿ" ಎಂದರು.

"ನೀರು ಕೂಡಿಸಿದ್ರ ಲೋಹ ಎಲ್ಲಿಗೂ ಹೋಗಂಗಿಲ್ಲ ಸರ್. ಎರಡು ದಿನ ಕೊಡ್ರಿ, ಪೂರಾ ತೆಗಿತೀನಿ."

"ಆತು ಬಿಡ್ರಿ" ಎಂದರು. ನಂಬಿದೆ ನೋಡಿ, ನನ್ನ ಬುದ್ಧಿಗಿಷ್ಟು! ಮರುದಿನವೇ ನನ್ನನ್ನು ಸಿರುಗುಪ್ಪಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿಗೆ ಅಟ್ಟಿದರು.

ತಿರುಗಿ ಬಂದಾಗ ಕ್ಯಾನು ತೊಳೆದು ಬೋರಲು ಹಾಕಿತ್ತು.

"ಸಾಹೇಬ್ರು ಹೇಳಿದ್ರು, ನಾನೇ ನಿನ್ನಿ ಖಾಲಿ ಮಾಡೀನ್ರಿ" ಎಂದಳು ಅಕ್ಕ, ಖುಷಿಯಿಂದ. "ಒಳಗಿನ ಸಿಂಕಿಗೆ ಕಲಿ ಬೀಳತೈತಿ ಅಂತ ಹೊರಗಿನ ಬೇಸಿನ್ನಿಗೆ ಹಾಕ್ಸಿದ್ರು."

"ಆಮ್ಯಾಲೆ ಪಲ್ಯ ಏನರ ಕಿತ್ತೀಯೇನು?"

"ಮುಂಜಾನಿ ಮಗಳ ಸಾಲಿ ಡಬ್ಬಿಗೆ ಮಾಡಿ ಕಳಿಸೀನಿ. ಯಾಕ್ರೀ?"

ಒಂದೇ ದಿನದಲ್ಲಿ ಸೊಪ್ಪಿಗೆ ಎಷ್ಟು ಏರಿದ್ದೀತು? ಬಹುಶಃ ಹೆಚ್ಚೇನಿಲ್ಲ. ಆದರೆ ಮಣ್ಣಿಗಿಳಿದದ್ದನ್ನು ಇನ್ನು ಯಾರು ಸೋಸಿ ತೆಗೆಯಬೇಕು? ತಪಾಸಣೆಯವರು ನೋಡುವ ಸಿಂಕಿಗೆ ಕಲೆಯಾಗಬಾರದು, ಇವಳ ಮಗಳ ಹೊಟ್ಟೆಗೆ ಏನಾದರೂ ಆಗಬಹುದು. ಥೂ!

ಕ್ಯಾನಿನ ನೀರಿನಲ್ಲಿ ವಿಷವಿತ್ತೆಂದು ಅಕ್ಕನಿಗೆ ಬಿಡಿಸಿ ಹೇಳಿದೆ. ಆಕೆ ನಂಬಲಿಲ್ಲ. "ಅಷ್ಟು ಓದಿದೋರು ಹಂಗ್ಯಾಕ ಮಾಡ್ತಾರ್ರೀ?" ಎಂದಳು. ಮಡಿಯಿಂದ ಒಂದು ಹಿಡಿ ಪುಂಡಿ ಬೇರುಸಮೇತ ಕಿತ್ತುಕೊಂಡು, ಆಕೆಯ ಕೈಹಿಡಿದು ಸೀದಾ ಮುಖ್ಯಸ್ಥರ ಕೋಣೆಗೆ ಹೋದೆ.

"ಏನೂ ಆಗಂಗಿಲ್ಲಮ್ಮಾ, ಆರಾಮ ತಿನ್ನು" ಎಂದರು ಅವರು, ನಗುನಗುತ್ತಲೇ.

"ಹಂಗಾದ್ರ ಇವತ್ತಿಂದು ನೀವು ಮನಿಗೆ ಒಯ್ರಿ ಸರ್" ಎಂದು ಸೊಪ್ಪನ್ನು ಅವರ ಮೇಜಿನ ಮೇಲಿಟ್ಟೆ.

ಅವರು ಎರಡೂ ಕೈ ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ಅಕ್ಕ ಆ ಕೈಗಳನ್ನೇ ನೋಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಶಾಲೆಯ ಕಡೆಗೆ ಓಡಿದಳು.