ಕಣ್ಣು ಮುಚ್ಚಿ ನಡೆಯುವ ಅಭ್ಯಾಸ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಇಟ್ಟಿಗಿಯ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಸೇರಿದ್ದೆ. ಹೆಡ್‌ಮಾಸ್ತರರ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ಹಾಲಿಗೆ ಹೆಪ್ಪು ಕೇಳಲು ಹೋದಾಗ, ಅವರು ಗಟ್ಟಿಯಾಗಿ ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ ಪಡಸಾಲೆಯಲ್ಲಿ ನಡೆಯುತ್ತಿದ್ದರು. ಉಸಿರು ತಾಗುವಷ್ಟು ಹತ್ತಿರದಲ್ಲೇ ನನ್ನನ್ನು ದಾಟಿ ಹೋದರು. ನಾನು ಅಲ್ಲಿದ್ದೇನೆ ಎಂಬುದೇ ಅವರಿಗೆ ತಿಳಿಯಲಿಲ್ಲ. ನಾನು ಗೋಡೆಗಂಟಿ ನಿಂತುಬಿಟ್ಟೆ.

"ಹೆದರಬ್ಯಾಡ್ರಿ ಅಕ್ಕೋರ," ಅವರ ಹೆಂಡತಿ ಒಳಗಿನಿಂದ ನಕ್ಕರು. "ಮುಪ್ಪಿಗೆ ತಯಾರಿ ನಡಿಸ್ಯಾರ."

ಸರ್ ಕಣ್ಣು ತೆರೆದು ನಾಚಿಕೊಂಡರು. "ನಮ್ಮಪ್ಪಗ ವಯಸ್ಸಾದ ಮ್ಯಾಲೆ ಸಕ್ಕರಿ ಕಾಯಿಲಿಂದ ಕಣ್ಣು ಹೋದ್ವು. ಹನ್ನೊಂದು ವರ್ಷ ಈ ಕಂಬಕ್ಕ ಒರಗಿ ಕುಂತ. ಒಂದು ಲೋಟ ನೀರಿಗೂ ಯಾರನ್ನಾರ ಕೂಗಬೇಕಿತ್ತು. ನಾನು ಹಂಗ ಕುಂದ್ರಂಗಿಲ್ರಿ."

ಅದಕ್ಕಾಗಿಯೇ ಅವರು ಸಕ್ಕರೆ ಬಿಟ್ಟಿದ್ದರು, ದಿನಾ ನಸುಕಿನಲ್ಲಿ ಕೆರೆಯವರೆಗೆ ನಡೆಯುತ್ತಿದ್ದರು. ಹೆಂಡತಿ ಮಾತ್ರ ಇದ್ಯಾವುದಕ್ಕೂ ಸೇರುತ್ತಿರಲಿಲ್ಲ.

ಮೂರನೇ ವರ್ಷ ಆಕೆಗೆ ಅಕ್ಕಿಯಲ್ಲಿನ ಕಲ್ಲು ಕಾಣದಾಯಿತು. ಸಕ್ಕರೆ ಕಾಯಿಲೆ ಯಾವಾಗಲೋ ಬಂದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಹಡಗಲಿಯಲ್ಲಿ ತೋರಿಸಿದರು, ಹುಬ್ಬಳ್ಳಿಗೂ ಹೋಗಿ ಬಂದರು. ವರ್ಷ ತುಂಬುವುದರೊಳಗೆ ಎರಡೂ ಕಣ್ಣು ಹೋದವು.

ಆಮೇಲೆ ಗೋಡೆಯಾಚೆಯಿಂದ ದಿನವೂ ಇಬ್ಬರ ದನಿ ಕೇಳುತ್ತಿತ್ತು.

"ಏಳು ಹೆಜ್ಜಿ. ಈಗ ಎಡಕ್ಕ. ಹೊಸ್ತಿಲ ಐತಿ, ನೋಡು."

"ನನಗ ಆಗಂಗಿಲ್ರಿ, ಬಿಟ್ಟುಬಿಡ್ರಿ."

"ಆಗತೈತಿ. ನಾನು ಮಾಡಿಲ್ಲೇನು?"

ಪಾತ್ರೆ ಬೀಳುವ ಸದ್ದು, ಹಿಂದೆಯೇ ಆಕೆಯ ಅಳು. ಕಲಸಿದ ತುತ್ತು ನನ್ನ ಕೈಯಲ್ಲೇ ಉಳಿಯುತ್ತಿತ್ತು.

ನನಗೆ ಕೊಟ್ಟೂರಿಗೆ ವರ್ಗವಾಯಿತು. ಐದಾರು ವರ್ಷ ಕಳೆದು ನೋಡಲು ಹೋದೆ. ಸರ್ ನಿವೃತ್ತರಾಗಿದ್ದರು. ಆಕೆ ಗೆಲುವಾಗಿದ್ದರು. ನಾನು ಚಪ್ಪಲಿ ಬಿಟ್ಟ ಸದ್ದಿಗೇ "ಅಕ್ಕೋರು ಬಂದ್ರು" ಎಂದವರು, ಚಾ ಮಾಡಲು ಒಬ್ಬರೇ ಒಳಗೆ ಹೋದರು. ಎಲ್ಲೂ ತಡವರಿಸಲಿಲ್ಲ.

ಸರ್ ದನಿ ತಗ್ಗಿಸಿದರು. "ಇನ್ನ ಕಣ್ಣು ಬರಂಗಿಲ್ಲ ಅಂತ ಡಾಕ್ಟರು ಅಂದಾಗ ನನಗೇನನಿಸ್ತು ಗೊತ್ತೇನ್ರಿ? ಸದ್ಯ, ನನ್ನವು ಉಳಿದ್ವು ಅನಿಸ್ತು. ಒಂದೇ ಒಂದು ಗಳಿಗಿ. ಆ ಗಳಿಗಿ ನನ್ನ ಬಿಡವಲ್ದು."

ಒಳಗೆ ಲೋಟದ ಸದ್ದು ನಿಂತಿತು.

"ನನಗ ಅವತ್ತ ಗೊತ್ತಾತು ಬಿಡ್ರಿ," ಆಕೆ ಅಲ್ಲಿಂದಲೇ ಹೇಳಿದರು. "ನನ್ನ ಕೈ ಬಿಗಿಯಾಗಿ ಹಿಡಕೊಂಡಿದ್ರಿ. ಡಾಕ್ಟರು ಅಂದ ಕೂಡ್ಲೇ ನಿಮ್ಮ ಹಿಡಿತ ಸಡ್ಲಾತು." ಆಮೇಲೆ, "ಚಾ ಆರತೈತಿ, ತಗೊಂಡು ಹೋಗ್ರಿ" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಸರ್ ಏಳಲಿಲ್ಲ. ನಾನೇ ಹೋಗಿ ಮೂರೂ ಲೋಟ ತಂದೆ.