ಕೆಂಪಾದವರು ಕೈಯೊಡ್ಡಿ ಕುಡಿಯಬೇಕು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಭಾನುವಾರ ಬೆಳಿಗ್ಗೆ ಯಶವಂತಪುರದ ನಮ್ಮ ಮನೆಯಿಂದ ಹೊರಟಾಗ ನನ್ನಷ್ಟು ಸಾಧು ಹೆಂಗಸು ಇನ್ನೊಬ್ಬಳಿರಲಿಲ್ಲ. ಸೀರೆ ಉಡುವ ಆಸೆಯಿತ್ತು. ಆಟದಲ್ಲಿ ಬಾಹ್ಯಾಕಾಶ ನೌಕೆಯ ಇಂಜಿನಿಯರ್ ಆಗಬೇಕಾದವಳು ಸೀರೆ ಉಟ್ಟುಕೊಂಡು ಬಂದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆಂದು ಚೂಡಿದಾರ್ ಹಾಕಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು, "ಬಾಯಿ ಸ್ವಲ್ಪ ಬಿಗಿ ಹಿಡ್ಕೊ ತಾಯಿ, ಇವತ್ತೊಂದಿನ," ಎಂದಳು.

ನಾನು ಆರ್.ಟಿ. ನಗರದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ವಾರವಿಡೀ ಜನರಿಗೆ "ಇದು ಕಾಣ್ತಾ, ಅದು ಕಾಣ್ತಾ" ಎಂದು ಕೇಳಿ ಕೇಳಿ ಸಾಕಾಗಿ, ಸ್ನೇಹಿತೆಯೊಬ್ಬಳ ಮಾತು ಕೇಳಿ ಈ ಆಟದ ಗುಂಪಿಗೆ ಸೇರಿದ್ದೆ. ಸಹಕಾರನಗರದ ಪಾರ್ಕಿನಲ್ಲಿ ಕೂತು ಕಥೆ ಕಟ್ಟುತ್ತಿದ್ದೆವು. ಆಮೇಲೆ ಎಲ್ಲಾದರೂ ಖಾಲಿ ಜಾಗ ಹುಡುಕಿ ಆ ಕಥೆಯನ್ನೇ ಬದುಕಿ ನೋಡುತ್ತಿದ್ದೆವು. ನಾಟಕವೇ, ಆದರೆ ನೋಡುವವರಿಲ್ಲ, ಬರೆದ ಮಾತಿಲ್ಲ. ಭೂಮಿ ಸತ್ತಿದೆ, ನಾವೆಲ್ಲ ನೌಕೆಯಲ್ಲಿದ್ದೇವೆ, ಯಾರಿಗೆ ಏನಾಗುತ್ತದೆಂದು ನಮ್ಮ ಫೋನು ಹೇಳುತ್ತದೆ. ಗುಂಪಿನವನೊಬ್ಬ ಅದಕ್ಕೆಂದೇ ಒಂದು ಆ್ಯಪ್ ಮಾಡಿದ್ದ. ನಮ್ಮ ಕ್ಯಾಪ್ಟನ್ ಮಾತ್ರ ಯಾವಾಗಲೂ ಇನ್ನೊಬ್ಬ, ನಾನು ಮದುವೆಯಾಗಬೇಕೆಂದಿದ್ದವನು.

ಅವನದು ಅಟ್ಟೂರಿನ ಹಳೇ ಒಕ್ಕಲು ಮನೆತನ. ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಏಳಿಸುತ್ತಿದ್ದರು. ನಾವು ದಲಿತರು. ಪರಿಚಯವಾದ ಹೊಸದರಲ್ಲೇ ಅವನಿಗೆ ಹೇಳಿದ್ದೆ. "ಅದಕ್ಕೇನೀಗ?" ಎಂದು ನಕ್ಕಿದ್ದ. ಆ ನಗುವಿಗೇ ನಾನು ಬಿದ್ದಿದ್ದು. ಆದರೆ ಮನೆಯಲ್ಲಿ ಮಾತ್ರ ಅವನು ಬಾಯಿ ಬಿಟ್ಟಿರಲಿಲ್ಲ. "ಮೊದ್ಲು ನಿನ್ನನ್ನ ನೋಡ್ಲಿ, ಇಷ್ಟ ಆಗ್ಲಿ. ಆಮೇಲೆ ನಾನೇ ಹೇಳ್ತೀನಿ. ಅಜ್ಜಿ ಒಪ್ಪಿದ್ರೆ ಎಲ್ರೂ ಒಪ್ಪಿದಂಗೇ ಕಣೇ," ಎನ್ನುತ್ತಿದ್ದ. ಅದಕ್ಕೇ ಈ ಸಲದ ಆಟವನ್ನು ಅವರ ಮನೆ ಪಕ್ಕದ ಅರ್ಧ ಕಟ್ಟಿದ ಕಟ್ಟಡದಲ್ಲೇ ಇಟ್ಟುಕೊಂಡಿದ್ದ. ಆಟ ಮುಗಿದ ಮೇಲೆ, ಅದೇ ಸಂಜೆ, ಅಜ್ಜಿಗೆ ಹೇಳುವುದೆಂದು ಮಾತಾಗಿತ್ತು.

ಅಜ್ಜಿ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನನ್ನ ಗಲ್ಲ ಹಿಡಿದು ಮುಖ ಎತ್ತಿ ನೋಡಿ, ಎರಡೂ ಕೈಯಿಂದ ನೆಟಿಗೆ ಮುರಿದರು. "ಲಕ್ಷಣವಾಗವ್ಳೆ ಕಣ್ಲಾ ನಿನ್ ಪ್ರೆಂಡು. ನಮ್ಮೋರಾ?" ಎಂದರು. "ಏ ಬುಡಜ್ಜಿ, ಆಟಕ್ಕೆ ಟೈಮಾಯ್ತು," ಎಂದು ಅವನು ನನ್ನ ತೋಳು ಹಿಡಿದು ಎಳೆದ. ಆಗಲೇ ಅವನಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟರು. ಕಾಫಿ ತುಂಬಾ ಚೆನ್ನಾಗಿತ್ತು. ಅವನು ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎಂಬುದು ಕಾಫಿಯ ಖುಷಿಯಲ್ಲಿ ನನಗೆ ತಟ್ಟಲೇ ಇಲ್ಲ.

ಈ ಸಲದ ಕಥೆಯಲ್ಲಿ ನೌಕೆಗೆ ಒಂದು ರೋಗ ನುಗ್ಗಿತ್ತು. ಮೊದಲಿಗೆ ಎಲ್ಲರ ಫೋನಿನ ಪರದೆಯೂ ಹಸಿರು. ಆ್ಯಪ್ ತನಗೆ ತೋಚಿದಾಗ ಯಾರನ್ನೋ ಆರಿಸಿ ಕೆಂಪು ಮಾಡುತ್ತಿತ್ತು. ಕೆಂಪಾದವರು ಹಿಂಬದಿಯ, ಜಗಲಿಗೆ ಕಾಣುವಂತಿದ್ದ ಹಳದಿ ಟೇಪಿನ ಆಚೆ, ನೀರಿನ ಸಂಪಿನ ಹತ್ತಿರ ಹೋಗಿ ಕೂರಬೇಕು. ಹತ್ತಿರ ಬಂದರೆ ಹಸಿರು ಫೋನುಗಳೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದವು. ಅವರ ನೆರಳಿಗೆ ಹೆದರಿದವರಂತೆ ಎಲ್ಲರೂ ಹಿಂದೆ ಸರಿಯಬೇಕು. ಅವರಿಗೆ ನೀರು ಬೇಕಾದರೆ ಹಸಿರಿನವರು ಮೇಲಿನಿಂದ ಹೊಯ್ಯಬೇಕು, ಕೆಂಪಾದವರು ಕೈಯೊಡ್ಡಿ ಕುಡಿಯಬೇಕು. ನಿಯಮ ಓದಿದಾಗ ಪಾರ್ಕಿನಲ್ಲಿ ಎಲ್ಲರೂ, "ಸೂಪರ್ ಐಡಿಯಾ ಗುರು! ಎಲ್ಲಿಂದ ಹೊಳೀತು ನಿಂಗೆ?" ಎಂದು ಆ್ಯಪ್ ಮಾಡಿದವನ ಬೆನ್ನು ತಟ್ಟಿದ್ದರು. ಥೂ ನಿಮ್ಮ, ಇದನ್ನು ಹೊಳೆಯಿಸಿಕೊಳ್ಳಬೇಕೇನ್ರೋ ಎಂದು ನನಗೆ ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಕ್ಯಾಪ್ಟನ್ ಮುಖ ನೋಡಿ ನುಂಗಿಕೊಂಡೆ.

ಊಟವಾದ ಮೇಲೆ ಮೊದಲು ಕೆಂಪಾದವನು ಒಬ್ಬ ದಪ್ಪ ಮನುಷ್ಯ, ಬ್ಯಾಂಕಿನ ಉದ್ಯೋಗಿ. ಅವನು ನಿಂತುಕೊಂಡೇ ಕೈ ಚಾಚಿದ. ನೀರು ಮೊಣಕೈಗೆ ಇಳಿದು, ಅಂಗಿ ತೋಯ್ದು, ಮೂಗಿಗೂ ಹೋಗಿ ಕೆಮ್ಮಿದ. ಎಲ್ಲರೂ ನಕ್ಕರು. ಜಗಲಿಯ ಮೇಲೆ ಅಜ್ಜಿಯೂ ಸೆರಗು ಬಾಯಿಗಿಟ್ಟು ನಕ್ಕರು. ಆಗ ನನ್ನ ಫೋನು ನಡುಗಿತು. ಕೆಂಪು.

ಬಿಸಿಲಲ್ಲಿ ಗಂಟಲು ನಿಜಕ್ಕೂ ಒಣಗಿತ್ತು. ಹಸಿರಿನ ಹುಡುಗಿಯೊಬ್ಬಳು ಬಾಟಲಿ ಹಿಡಿದು ಬಂದಳು. ನಾನು ಯೋಚನೆಯನ್ನೇ ಮಾಡಲಿಲ್ಲ. ಕುಕ್ಕರುಗಾಲಲ್ಲಿ ಕೂತೆ, ಮೊಣಕೈಗಳನ್ನು ಜೋಡಿಸಿದೆ, ಬೊಗಸೆಯನ್ನು ಗಲ್ಲಕ್ಕೆ ಒತ್ತಿಟ್ಟುಕೊಂಡೆ, ತಲೆ ತಗ್ಗಿಸಿದೆ. ಒಂದು ಹನಿ ಆಚೀಚೆ ಬೀಳಲಿಲ್ಲ. ಚಿಕ್ಕವಳಿದ್ದಾಗ ರಜೆಗೆಂದು ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗೆ ಹೋದರೆ, ನಮ್ಮಜ್ಜಿ ಕಳೆ ಕೀಳಲು ಹೋಗುವ ಮನೆಯ ಹಿತ್ತಲಲ್ಲಿ ಹೀಗೇ ಕುಡಿಯುತ್ತಿದ್ದೆವು. ಚೆಲ್ಲಿದರೆ ಆ ಮನೆಯವರು ಬೈಯುತ್ತಿದ್ದರು, ಆಮೇಲೆ ನಮ್ಮಜ್ಜಿ ಹೊಡೆಯುತ್ತಿದ್ದಳು. ನಾನು ಮರೆತಿದ್ದೆ ಅಂದುಕೊಂಡಿದ್ದೆ. ಕೈ ಮರೆತಿರಲಿಲ್ಲ.

"ವಾವ್! ಏನ್ ಆಕ್ಟಿಂಗ್!" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ನಮ್ಮ ಕ್ಯಾಪ್ಟನ್ ಟೇಪು ದಾಟಿ ಓಡಿ ಬಂದ. ಫೋನುಗಳೆಲ್ಲ ಒಟ್ಟಿಗೆ ಅರಚಿದವು. ಅವನು ನನ್ನೆದುರು ಮೊಣಕಾಲೂರಿ, ನನ್ನ ಬೊಗಸೆ ಹಿಡಿದು, ಅದರಲ್ಲಿ ಉಳಿದಿದ್ದ ನೀರನ್ನು ಕುಡಿದುಬಿಟ್ಟ. ಅವನ ಫೋನೂ ಕೆಂಪಾಯಿತು. ಅದನ್ನು ಎತ್ತಿ ಹಿಡಿದು, "ಇವಳಿಗೆ ಜಾಗ ಇಲ್ಲದ ನೌಕೆ ನನಗೂ ಬೇಡ!" ಎಂದು ಕೂಗಿದ. ಚಪ್ಪಾಳೆ, ಶಿಳ್ಳೆ! ಏನು ಹೇಳಲಿ, ನನ್ನ ಕಣ್ಣು ತುಂಬಿ ಬಂತು. ಆಟವೆಂದು ಗೊತ್ತಿದ್ದರೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇನ್ನು ಸಂಜೆಯ ಮಾತಿಗೆ ಹೆದರಬೇಕಾಗಿಲ್ಲ ಅಂದುಕೊಂಡೆ.

ಜಗಲಿಯ ಕಡೆ ನೋಡಿದೆ. ಅಜ್ಜಿ ನಗುತ್ತಿರಲಿಲ್ಲ.

ಆಟ ಮುಗಿದು ಎಲ್ಲರ ಫೋನೂ ಹಸಿರಾದ ಮೇಲೆ ಅಜ್ಜಿ ನನ್ನನ್ನು ಕರೆದರು. ಬೆಳಿಗ್ಗೆಯಂತೆ ಕೈ ಚಾಚಲಿಲ್ಲ. ಮಾತು ಮಾತ್ರ ಮೆತ್ತಗೇ ಇತ್ತು. "ಇಂಗೆ ನೀರು ಕುಡ್ಯಾದು ಯಾರವ್ವ ಕಲ್ಸಿದ್ದು?"

"ನಮ್ಮಜ್ಜಿ."

"ಯಾವೂರು?"

ಊರಿನ ಹೆಸರು ಹೇಳಿದೆ.

"ಊರೊಳಗೋ? ಆಚೆಗೋ?"

ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಈಗ ಹೇಳುತ್ತಾನೆ ಎಂದು ಕಾದೆ. ಅವನು ಚಪ್ಪಲಿಯ ಮಣ್ಣನ್ನು ಮೆಟ್ಟಿಲಿಗೆ ಉಜ್ಜುತ್ತಿದ್ದ. "ಆಚೆಗೆ," ಎಂದೆ ನಾನೇ. ಅಜ್ಜಿ ಎದ್ದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಅವನಮ್ಮ ದೊಡ್ಡ ತಟ್ಟೆಯಲ್ಲಿ ಟೀ ತಂದರು. ಎಲ್ಲರಿಗೂ ಸ್ಟೀಲ್ ಲೋಟ. ಅವುಗಳ ಮಧ್ಯೆ ಒಂದೇ ಒಂದು ಪೇಪರ್ ಕಪ್ಪು. ಅದನ್ನು ಅವರು ನನ್ನ ಕೈಗೂ ಕೊಡಲಿಲ್ಲ, ಮುಖ ಬೇರೆ ಕಡೆ ತಿರುಗಿಸಿ ನನ್ನೆದುರಿನ ಸಿಮೆಂಟ್ ಮೂಟೆಯ ಮೇಲಿಟ್ಟರು. ಗುಂಪಿನವರು ಫೋಟೊ ತೆಗೆಯುವುದರಲ್ಲಿದ್ದರು, ಒಬ್ಬರಿಗೂ ಕಾಣಲಿಲ್ಲ. ಅವನಿಗೆ ಕಂಡಿತು. ಮುಖ ಸುಣ್ಣವಾಯಿತು.

"ಅಜ್ಜಿಗೆ ವಯಸ್ಸಾಗಿದೆ ಕಣೇ," ಎಂದ ಮೆಲ್ಲಗೆ. "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ. ಪ್ಲೀಸ್. ಎಲ್ರೂ ಇದಾರೆ, ಗಲಾಟೆ ಮಾಡ್ಬೇಡ."

"ಮಧ್ಯಾಹ್ನ ನನ್ನ ಕೈಯಿಂದ ನೀರು ಕುಡಿದ್ಯಲ್ಲೋ?"

"ಅದು ಗೇಮ್ ಅಲ್ವಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅನ್ನಬಹುದಿತ್ತು, ನನಗೆ ಅದು ಚೆನ್ನಾಗಿ ಬರುತ್ತದೆ. ಅದರ ಬದಲು ಅವನ ಕೈಯಲ್ಲಿದ್ದ ಲೋಟ ತೆಗೆದುಕೊಂಡೆ. ತುಟಿಗೆ ಹಚ್ಚಿ ಒಂದು ಗುಟುಕು ಕುಡಿದೆ. ವಾಪಸ್ ಅವನ ಕೈಗೇ ಕೊಟ್ಟೆ.

"ಈಗ ಕುಡಿ," ಎಂದೆ.

ಕಿಟಕಿಯಲ್ಲಿ ಅಜ್ಜಿಯ ಬಿಳಿ ಸೆರಗು ಕಾಣುತ್ತಿತ್ತು. ಅವನು ಅತ್ತ ನೋಡಿದ, ಲೋಟ ನೋಡಿದ. ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಒಂದೇ ಗುಟುಕು ಕುಡಿಯೋ, ಉಳಿದದ್ದನ್ನೆಲ್ಲ ನಾನು ನೋಡ್ಕೊಳ್ತೀನಿ ಎಂದು. ಅವನ ಕೈ ಅರ್ಧಕ್ಕೆ ಎದ್ದು ನಿಂತಿತು.

ಆಮೇಲೆ ಅವನು ಹೋಗಿ ಆ ಲೋಟವನ್ನು ಕೆಳಗಿಟ್ಟ. ಎಲ್ಲರೂ ಕುಡಿದ ಲೋಟಗಳನ್ನು ಜೋಡಿಸಿಟ್ಟಿದ್ದ ತಟ್ಟೆಯಲ್ಲಲ್ಲ. ಬೇರೆಯಾಗಿ, ಸಂಪಿನ ಹತ್ತಿರ, ಹಳದಿ ಟೇಪಿನ ಆಚೆ.